ನೀರಿನ ಮಾತ್ರೆ

ಒಂಬತ್ತು ದಿನ ಆಗಿತ್ತು. ಹದಿನೈದು ಮಾತ್ರೆಯ ಶೀಟಿನಲ್ಲಿ ಆರು ಉಳಿಯಬೇಕಿತ್ತು. ಮಾಲಾ ಎರಡು ಸಲ ಎಣಿಸಿದಳು. ಹನ್ನೊಂದು ಇದ್ದವು.

ಎಣಿಕೆ ತಪ್ಪುವವಳಲ್ಲ ಅವಳು. ಬಿ.ಎ. ಮುಗಿಸಿ ಮೂರು ವರ್ಷದಿಂದ ಚನ್ನಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಅರುಣ್ ಕುಮಾರ್ ಎಂಬವರ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಯಾವ ಮಾತ್ರೆ ಯಾವ ಗೂಡಿನಲ್ಲಿದೆ, ಒಂದು ಕಂಪನಿಯದು ಮುಗಿದರೆ ಇನ್ಯಾವುದನ್ನು ಕೊಡಬೇಕು ಎನ್ನುವುದೆಲ್ಲ ಬಾಯಿಪಾಠವಾಗಿತ್ತು. ಮಾತ್ರೆ ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ ಎನ್ನುವುದು ಗೊತ್ತಿರಲಿಲ್ಲ. ಅದನ್ನು ತಿಳಿದುಕೊಳ್ಳಲು ಯಾರೂ ಅವಳಿಗೆ ಸಂಬಳ ಕೊಡುತ್ತಿರಲಿಲ್ಲ.

ಈ ಒಂದು ಮಾತ್ರೆಯದು ಮಾತ್ರ ಗೊತ್ತಿತ್ತು. ತಾಯಿ ಮೂಕಮ್ಮನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಅಲ್ಲಿನ ಲೇಡಿ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಮೂಕಮ್ಮನಿಗೆ ನಲವತ್ತಾರು. ಎರಡು ತಿಂಗಳಿಂದ ಕಾಲು ಬಾತುಕೊಂಡಿತ್ತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಬಿಪಿ ನೋಡಿದ ನರ್ಸು ತೋಳಿನ ಪಟ್ಟಿ ಬಿಚ್ಚಿ, ಮತ್ತೆ ಕಟ್ಟಿ, ಇನ್ನೊಂದು ಸಲ ನೋಡಿದ್ದಳು.

"ಹತ್ತು ವರ್ಷದಿಂದಾದ್ರೂ ಇದ್ದಿರಬೇಕು ಈ ಬಿಪಿ. ಯಾರೂ ನೋಡಿಲ್ಲ," ಎಂದರು ಡಾಕ್ಟರು, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ಹಾರ್ಟ್ ದೊಡ್ಡದಾಗಿದೆ. ಏನು ಊಟ ಮಾಡ್ತೀರಮ್ಮ?"

"ಎಲ್ರೂ ಮಾಡೋದೇರಿ."

"ಅಂದ್ರೆ?"

"ಅನ್ನ."

"ಅನ್ನದ ಜೊತೆ?"

"ಉಪ್ಪಿನಕಾಯಿ ಐತೆ. ಇಲ್ಲಾಂದ್ರೆ ಮೆಣಸಿನಕಾಯಿ, ಉಪ್ಪು, ಹುಣಸೆಹಣ್ಣು ಅರೆದು ಕಲೆಸ್ಕೊತೀವಿ. ಮಾಲಾ ಸಂಬಳ ಆದಾಗ ಬೇಳೆ ಸಾರು."

ಡಾಕ್ಟರು ಆಮೇಲೆ ಮಾಲಾಳ ಕಡೆ ತಿರುಗಿ ಮಾತಾಡಿದರು. ಹೃದಯ ಎಂದರೆ ಒಂದು ಪಂಪು. ಅದು ಸೋತಿದೆ. ಪೂರ್ತಿ ಎಳೆಯಲು ಆಗದೆ ನೀರು ಕಾಲಲ್ಲಿ ನಿಂತಿದೆ, ಎದೆಯಲ್ಲೂ ನಿಂತಿದೆ. ಉಪ್ಪು ತಿಂದಷ್ಟೂ ನೀರು ನಿಲ್ಲುತ್ತದೆ. ಆದ್ದರಿಂದ ಉಪ್ಪು ಬಂದ್. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಡ. ಬಿಪಿ ಮಾತ್ರೆ ರಾತ್ರಿ. ಈ ಚಿಕ್ಕ ಬಿಳಿ ಮಾತ್ರೆ ಬೆಳಿಗ್ಗೆ ಒಂದು, ಅದು ನಿಂತ ನೀರನ್ನೆಲ್ಲ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಪಂಪಿನ ಯಾವ ಭಾಗ ಹಾಳಾಗಿದೆ ಎಂದು ತಿಳಿಯಲು ಎಕೋ ಆಗಬೇಕು, ಅದಕ್ಕೆ ದಾವಣಗೆರೆಗೆ ಹೋಗಬೇಕು. ಅಲ್ಲಿ ಸಿಕ್ಕ ದಿನಾಂಕ ನವೆಂಬರ್ ಹದಿನೆಂಟು.

"ಅಲ್ಲಿವರೆಗೆ ಈ ಬಿಳಿ ಮಾತ್ರೆಯೇ ಇವರನ್ನ ಉಳಿಸೋದು. ಒಂದು ದಿನಾನೂ ತಪ್ಪಿಸಬಾರದು," ಎಂದು ಡಾಕ್ಟರು ಒಂದು ಅಚ್ಚು ಹಾಕಿದ ಹಾಳೆಯನ್ನೂ ಕೊಟ್ಟರು. ಸಿರಿಧಾನ್ಯ, ಹಸಿರು ತರಕಾರಿ, ಹಣ್ಣು, ದಿನಕ್ಕೆ ನಲವತ್ತೈದು ನಿಮಿಷ ನಡಿಗೆ. ಕೊಟ್ಟವರು ಮತ್ತೆ ಕೈಚಾಚಿ ನಡಿಗೆ ಎಂಬುದರ ಮೇಲೆ ತಾವೇ ಗೀಟು ಎಳೆದರು. ಮಾಲಾ ಹೊರಗೆ ಬಂದು ಹಾಳೆಯನ್ನು ಓದಿ ಹೇಳಿದಾಗ ಮೂಕಮ್ಮ ನಕ್ಕಳು. "ಸಿರಿಧಾನ್ಯ ಅಂದ್ರೆ ನವಣೆ ಅಲ್ವೇನೆ? ಅದನ್ನ ಕುಟ್ಟಿ ಕುಟ್ಟೀನೇ ಹಿಂಗಾಗಿರೋದು ನಾನು."

ಅದು ನಿಜವಾಗಿತ್ತು.

ಮೂಕಮ್ಮನ ತವರು ಜಗಳೂರು ಕಡೆ. ಅಲ್ಲಿ ಮಳೆ ಬಂದರೆ ನವಣೆ, ಸಾವೆ, ಬರದಿದ್ದರೆ ಅದೂ ಇಲ್ಲ. ಚಾನೆಲ್ ನೀರಿನಲ್ಲಿ ಭತ್ತ ಬೆಳೆಯುವ ಈ ಕಡೆಗೆ ಮದುವೆಯಾಗಿ ಬಂದಾಗ ಗಂಡನ ಕಡೆಯ ಹೆಂಗಸರು ಅವಳನ್ನು "ನವಣೆ ಸೊಸೆ" ಎಂದು ಆಡಿಕೊಂಡಿದ್ದರು. ಅನ್ನದ ಆಸೆಗೆ ಬಂದವಳು ಎಂಬ ಅರ್ಥ. ಇಪ್ಪತ್ತೈದು ವರ್ಷ ಆದಮೇಲೆ ಇದೇ ಊರಿನಲ್ಲಿ ನವಣೆಯನ್ನು ಒರಳಿನಲ್ಲಿ ಕುಟ್ಟಿ, ಕೇರಿ, ತೌಡು ಪೂರಾ ಹೋಗದ ಹಾಗೆ ಹದವಾಗಿ ಅಕ್ಕಿ ತೆಗೆಯಲು ಬರುವವಳು ಅವಳೊಬ್ಬಳೇ ಉಳಿದಿದ್ದಳು. ಅದಕ್ಕೇ ಬಂಗಾರಪ್ಪನವರ ಮನೆಯಲ್ಲಿ ಅವಳಿಗೆ ಬೆಲೆ ಬಂದಿತ್ತು.

ಬಂಗಾರಪ್ಪನವರದು ಗೊಬ್ಬರದ ಅಂಗಡಿ, ಹೊನ್ನಾಳಿ ನ್ಯಾಮತಿಗಳ ತನಕ ವ್ಯಾಪಾರ. ಹಿಂದಿನ ವರ್ಷ ಅಂಗಡಿಯಲ್ಲಿ ಕೂತಿದ್ದಾಗ ಎದೆ ಹಿಡಿದುಕೊಂಡಿತು. ಎರಡು ತಾಸಿನೊಳಗೆ ಕಾರು ಶಿವಮೊಗ್ಗದಲ್ಲಿತ್ತು, ಸಂಜೆಯೊಳಗೆ ಎರಡು ಸ್ಟೆಂಟ್ ಕೂತಿದ್ದವು. ಅಲ್ಲಿನ ಡಯಟೀಶಿಯನ್ ಬಿಳಿ ಅಕ್ಕಿ ಬಿಡಿಸಿ ನವಣೆ ಹಿಡಿಸಿದಳು. ಪ್ಯಾಕೆಟ್ಟಿನದು ಪಾಲಿಶ್ ಆಗಿರುತ್ತದೆ, ಕುಟ್ಟಿದ್ದೇ ಒಳ್ಳೆಯದು ಎಂದಳಂತೆ. ಅವರ ಹೆಂಡತಿ ಶಂಕರಮ್ಮ ಹಿತ್ತಲಲ್ಲಿ ಮಣ್ಣು ಮುಚ್ಚಿದ್ದ ಒರಳನ್ನು ಅಗೆಸಿ ತೊಳೆಸಿದರು. ಹನ್ನೊಂದು ವರ್ಷದಿಂದ ಪಾತ್ರೆ ತೊಳೆದು ಹಿತ್ತಲು ಗುಡಿಸುತ್ತಿದ್ದ ಮೂಕಮ್ಮನಿಗೆ ಒನಕೆಯೂ ಸೇರಿತು. ಬೆಳಿಗ್ಗೆ ಎಂಟರಿಂದ ಸಂಜೆ ಐದು, ಭಾನುವಾರ ರಜ.

ಮಾತ್ರೆಯ ಶೀಟನ್ನು ಮುಂದಿಟ್ಟು ಮಾಲಾ ಕೇಳಿದಳು. "ಐದು ಹೆಚ್ಚಿಗೆ ಅದಾವೆ. ಯಾಕೆ ನುಂಗಿಲ್ಲ?"

ಮೂಕಮ್ಮ ಒಲೆಯ ಮುಂದೆ ಕೂತಿದ್ದಳು. ತಿರುಗಲಿಲ್ಲ. "ನುಂಗೀನಿ."

"ಅವ್ವ, ನಾನು ದಿನಾ ಮಾಡೋ ಕೆಲಸಾನೇ ಇದು. ನನ್ನ ಹತ್ರ ಸುಳ್ಳು ಹೇಳ್ಬೇಡ."

"ಭಾನುವಾರ ನುಂಗೀನಿ. ಎಲ್ಡು ಭಾನುವಾರ."

"ಉಳಿದಿದ್ದು?"

ಒಲೆಯ ಸೌದೆಯನ್ನು ಹಿಂದಕ್ಕೆ ಎಳೆದು ಮೂಕಮ್ಮ ಹೇಳಿದಳು. ಮೊದಲ ದಿನ ಬೆಳಿಗ್ಗೆ ನುಂಗಿಕೊಂಡೇ ಕೆಲಸಕ್ಕೆ ಹೋಗಿದ್ದಳು. ಒಂದು ತಾಸಿಗೆ ಶುರುವಾಯಿತು. ಪಕ್ಕದ ಖಾಲಿ ಸೈಟಿನ ಗಿಡದ ಮರೆಗೆ ಮೂರು ಸಲ ಹೋದಳು. ಮೂರನೇ ಸಲ ಎದುರು ಮನೆಯ ಟೆರೇಸಿನ ಮೇಲೆ ಒಬ್ಬ ನಿಂತಿದ್ದ. ಕೂತವಳು ಎದ್ದು ಬಂದಳು. ಆಮೇಲೆ ಸಂಜೆಯವರೆಗೂ ತಡೆದುಕೊಂಡೇ ಕುಟ್ಟಿದಳು. ಇನ್ನೊಂದು ದಿನ ಸಂಜೆ ಬಂದು ನುಂಗಿ ನೋಡಿದಳು. ರಾತ್ರಿ ಐದು ಸಲ ಏಳಬೇಕಾಯಿತು, ಮಾರನೆಯ ದಿನ ಒನಕೆ ಎತ್ತಲು ಆಗಲಿಲ್ಲ.

"ಅವರ ಮನೇಲಿ ಮೂರು ಬಾತ್‌ರೂಮು ಐತಲ್ಲ?"

"ಐತೆ. ಅವರಿಗೆ."

"ನಿನಗೆ ಬ್ಯಾಡ ಅಂದಾರಾ?"

"ಯಾಕಂತಾರೆ? ನಾನು ಕೇಳಿದ್ರೆ ತಾನೆ ಬ್ಯಾಡ ಅನ್ನೋದು."

"ಹನ್ನೊಂದು ವರ್ಷ ಏನು ಮಾಡಿದೆ?"

"ನೀರು ಕುಡಿಯಲ್ಲ. ಕುಡೀದಿದ್ರೆ ಬರಲ್ಲ. ಅದೇನು ದೊಡ್ಡ ವಿದ್ಯೇನಾ?"

ಒಳಗಿಂದ ಅಪ್ಪ ಸಣ್ಣಪ್ಪ ಕೆಮ್ಮಿದ. ಅಡಿಕೆ ಮಂಡಿಯಲ್ಲಿ ಹಮಾಲಿ ಮಾಡಿ ಬೆನ್ನು ಕಳೆದುಕೊಂಡವನು. ಈಗ ಸಿಕ್ಕ ಹಗುರ ಕೆಲಸ, ಸಿಗದಿದ್ದರೆ ಮನೆ. "ಉಪ್ಪು ಬಿಡಿಸಿ ಮನೇನ ಆಸ್ಪತ್ರೆ ಮಾಡಿದ್ಲು ನಿನ್ ಮಗಳು. ಈಗ ಉಚ್ಚೇನೂ ಎಣಿಸ್ತಾಳೆ," ಎಂದ. ಹೆಂಡತಿಗೊಬ್ಬಳಿಗೆ ಬೇರೆ ಅಡುಗೆ ಮಾಡುವುದು ಬೇಡವೆಂದು ಒಂಬತ್ತು ದಿನದಿಂದ ತಾನೂ ಉಪ್ಪಿಲ್ಲದ್ದನ್ನೇ ಉಣ್ಣುತ್ತಿದ್ದವನು ಅವನೇ.

ಆ ದಿನ ಮಾಲಾ ಅರ್ಧ ದಿನ ರಜ ಕೇಳಿ ಬಂಗಾರಪ್ಪನವರ ಮನೆಗೆ ಹೋದಳು. ಮುಂಬಾಗಿಲಲ್ಲಿ ಬಂಗಾರಪ್ಪನವರೇ ಸಿಕ್ಕಿದರು. ಕಾಂಪೌಂಡಿನೊಳಗೆ ಫೋನು ಕೈಯಲ್ಲಿ ಹಿಡಿದು ಸುತ್ತು ಹಾಕುತ್ತಿದ್ದರು. ಮೊದಲಿಗಿಂತ ಇಳಿದಿದ್ದರು, ಮುಖದಲ್ಲಿ ಗೆಲುವಿತ್ತು.

"ಯಾರು, ಮೂಕಮ್ಮನ ಮಗಳಾ? ಬಾರಮ್ಮ. ಐದು ಸಾವಿರದ ಎಂಟುನೂರು ಹೆಜ್ಜೆ ಆಯ್ತು. ಇನ್ನೂರು ಐತೆ, ಮುಗಿಸಿಬಿಡ್ತೀನಿ." ಇನ್ನೂ ಎರಡು ಸುತ್ತು ಹಾಕಿ ಬಂದು ನಿಂತರು. "ನೋಡು, ನಿಮ್ಮಮ್ಮ ಕುಟ್ಟಿದ ನವಣೆ ಉಂಡು ಕೊಲೆಸ್ಟ್ರಾಲ್ ಅರ್ಧಕ್ಕೆ ಇಳಿದೈತೆ. ಡಾಕ್ಟ್ರು ಏನ್ರಿ ಬಂಗಾರಪ್ಪ ಅಂತ ಕೈ ಕುಲುಕಿದ್ರು. ಕಾಲ ಹೆಂಗೆ ತಿರುಗ್ತು ನೋಡಮ್ಮ. ನಾವು ನಿಮ್ಮ ಊಟಕ್ಕೆ ಬಂದ್ವಿ, ನೀವು ನಮ್ಮ ಊಟಕ್ಕೆ ಹೋದ್ರಿ."

ಅವರು ಕುಹಕಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಸೋಜಿಗಪಟ್ಟು ಹೇಳಿದ್ದರು. ಮಾಲಾ ನಗಲು ಹೋಗಿ ಆಗದೆ, "ಆಂಟಿ ಇದಾರಾ?" ಎಂದಳು.

ಶಂಕರಮ್ಮ ಹಿಂದಿನ ವರಾಂಡದಲ್ಲಿದ್ದರು. ಹಿತ್ತಲಲ್ಲಿ ಒನಕೆಯ ಸದ್ದು ಬರುತ್ತಿತ್ತು. ನಾಲ್ಕು ಪೆಟ್ಟು, ನಿಲುಗಡೆ. ಮತ್ತೆ ಮೂರು ಪೆಟ್ಟು, ನಿಲುಗಡೆ. ಮೂಕಮ್ಮ ಮಗಳನ್ನು ಕಂಡಳು, ಬೇಡ ಎಂದು ಕಣ್ಣಲ್ಲೇ ಹೇಳಿದಳು, ಮತ್ತೆ ಒನಕೆ ಎತ್ತಿದಳು.

ಮಾಲಾ ನೇರವಾಗಿಯೇ ಹೇಳಿದಳು. ಅವ್ವನಿಗೆ ಹಾರ್ಟಿನ ತೊಂದರೆ ಇದೆ. ಒಂದು ಮಾತ್ರೆ ಕೊಟ್ಟಿದ್ದಾರೆ, ಅದನ್ನು ನುಂಗಿದರೆ ಮೇಲಿಂದ ಮೇಲೆ ಹೋಗಬೇಕಾಗುತ್ತದೆ. ಹೋಗಲು ಜಾಗ ಇಲ್ಲವೆಂದು ನುಂಗುತ್ತಿಲ್ಲ. ನವೆಂಬರ್ ಹದಿನೆಂಟರವರೆಗೆ ಆ ಮಾತ್ರೆ ತಪ್ಪಿದರೆ ಉಳಿಯುವುದಿಲ್ಲ.

ಶಂಕರಮ್ಮನ ಮುಖ ಕೆಂಪಾಯಿತು. "ಅಯ್ಯೋ ದೇವರೆ. ಹಾರ್ಟಾ? ಏ ಮೂಕವ್ವ, ಒಂದು ಮಾತು ಹೇಳ್ಬಾರ್ದಾ ನನಗೆ? ಯಾರು ಬ್ಯಾಡ ಅಂದೋರು?"

"ಏನಿಲ್ಲ ಅಮ್ಮೋರೆ, ಇವಳೊಬ್ಬಳು," ಎಂದಳು ಮೂಕಮ್ಮ, ಏದುತ್ತ.

"ಹಿಂದಿಂದು ಒಂದು ಐತಲ್ಲಮ್ಮ," ಶಂಕರಮ್ಮ ಮಾಲಾಳಿಗೆ ಹೇಳಿದರು. "ಅದ್ರಲ್ಲಿ ಗೊಬ್ಬರದ ಚೀಲ ತುಂಬಿಸಿಟ್ಟಾರೆ ಇವರು. ತೆಗಿಸ್ತೀನಿ. ಎರಡು ದಿನ ಕೊಡು. ಒಳಗಿನದು... ನಮ್ಮತ್ತೆ ಇದಾರೆ, ನಿಂಗೊತ್ತಲ್ಲ. ಹಳೇ ಕಾಲದೋರು."

ಅತ್ತೆ ಒಳಗಿನ ಕೋಣೆಯಲ್ಲಿ ಟೀವಿ ನೋಡುತ್ತಿದ್ದರು. ಈ ಮಾತಿನಲ್ಲಿ ತಮ್ಮ ಹೆಸರು ಬಂದದ್ದು ಅವರಿಗೆ ತಿಳಿಯಲಿಲ್ಲ.

ಮಾಲಾ ಶಾಪಿಗೆ ವಾಪಸು ಬರುವಾಗ ಏನೋ ಗೆದ್ದ ಹಾಗೆ ಇದ್ದಳು. ಎರಡು ದಿನ ಎಂದರೆ ಬುಧವಾರ. ಮಂಗಳವಾರ ಸಂಜೆಯೇ ಶಂಕರಮ್ಮ ಫೋನ್ ಮಾಡಿದರು.

"ನಾವಿಬ್ರೂ ಕೂತು ಯೋಚನೆ ಮಾಡಿದ್ವಮ್ಮ. ಹಾರ್ಟ್ ಪೇಷಂಟ್ ಕೈಲಿ ಒನಕೆ ಹಿಡಿಸಿದ್ರೆ ನಾಳೆ ಏನಾದ್ರೂ ಆದ್ರೆ ನಮಗೆ ಪಾಪ. ಇವರೇ ಅಂದ್ರು, ನನಗೆ ಗೊತ್ತೈತೆ ಆ ನೋವು ಏನು ಅಂತ, ಆಕೆ ಸುಧಾರಿಸಿಕೊಳ್ಳಲಿ ಅಂದ್ರು. ನವಣೆ ಪ್ಯಾಕೆಟ್ಟಿಂದೇ ತರಿಸ್ತೀವಿ. ಪಾತ್ರೆಗೆ ಬೇರೆಯೋಳು ಸಿಕ್ಕಾಳೆ. ಮೂಕವ್ವ ಆರಾಮಾದ್ಮೇಲೆ ಬರಲಿ, ಅವಳ ಮನೆ ಇದ್ದಂಗೆ."

ಹಾರ್ಟ್ ಪೇಷಂಟ್ ಒನಕೆ ಹಿಡಿಯಬಾರದು. ಡಾಕ್ಟರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

"ಬಾತ್‌ರೂಮು ಕೇಳಾಕೆ ಹೋದ್ಯಲ್ಲ, ಈಗ ಖುಷಿನಾ?" ಎಂದಳು ಮೂಕಮ್ಮ. ಆ ಮೇಲೆ ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ.

ಆದರೆ ಮನೆಯಲ್ಲಿದ್ದಳು. ಮನೆಯಲ್ಲಿದ್ದುದರಿಂದ ದಿನಾ ಬೆಳಿಗ್ಗೆ ಬಿಳಿ ಮಾತ್ರೆ ನುಂಗಿದಳು. ಸರ್ಕಾರ ಕಟ್ಟಿಸಿಕೊಟ್ಟ ಕಕ್ಕಸು ಬಾಗಿಲಿಲ್ಲದಿದ್ದರೂ ಹತ್ತು ಹೆಜ್ಜೆಯಲ್ಲಿತ್ತು, ಗೋಣಿಚೀಲದ ಪರದೆ ಇತ್ತು. ಮೂರನೆಯ ದಿನಕ್ಕೆ ಕಾಲಿನ ಬಾವು ಇಳಿದು ಕಣಕಾಲಿನ ಮೂಳೆ ಕಂಡಿತು. ನಾಲ್ಕನೆಯ ರಾತ್ರಿ ಮೂಕಮ್ಮ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಚಾಪೆಯ ಮೇಲೆ ಅಂಗಾತ ಮಲಗಿ ಬೆಳಗಿನ ತನಕ ನಿದ್ದೆ ಮಾಡಿದಳು. ಮಾಲಾ ಬೆಳಿಗ್ಗೆ ಎದ್ದು ಅವಳ ಎದೆ ನಿಧಾನವಾಗಿ ಏರಿ ಇಳಿಯುವುದನ್ನು ನೋಡುತ್ತ ಕೂತಿದ್ದಳು. ಇಷ್ಟೇ ಆಗಿತ್ತು ಬೇಕಾಗಿದ್ದದ್ದು. ಒಂದು ಮಾತ್ರೆ, ಹತ್ತು ಹೆಜ್ಜೆಯಲ್ಲಿ ಒಂದು ಮರೆ, ಕೆಲಸ ಇಲ್ಲದ ನಾಲ್ಕು ದಿನ.

ಮೈ ಹಗುರಾದದ್ದೇ ತಪ್ಪಾಯಿತು. ಐದನೆಯ ದಿನ ಮೂಕಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೆ?"

"ಕೊಲ್ಲಾಪುರಮ್ಮನ ಗ್ಯಾಂಗಿಗೆ. ಆರಾಮಾಗೀನಲ್ಲ. ಅಡಿಕೆ ಸುಗ್ಗಿ ವರ್ಷಕ್ಕೆ ಒಂದು ಸಲ ಬರೋದು. ಇಲ್ಲಿ ಕೂತು ಉಣ್ಣಾಕೆ ನಾನೇನು ಸಾವ್ಕಾರ್ರಾ, ಹೆಜ್ಜೆ ಎಣಿಸ್ಕೊಂಡು?"

"ಅಲ್ಲಿ ಮಾತ್ರೆ ನುಂಗಿದ್ರೆ ಎಲ್ಲಿ ಹೋಗ್ತೀಯ?"

"ತೋಟ ಐತಲ್ಲೇ. ಅಷ್ಟು ದೊಡ್ಡದು."

ಕೊಲ್ಲಾಪುರಮ್ಮ ಕೇರಿಯ ಹದಿನಾಲ್ಕು ಹೆಂಗಸರನ್ನು ಟೆಂಪೋದಲ್ಲಿ ತುಂಬಿಕೊಂಡು ಕೆರೆಬಿಳಚಿ ಕಡೆಯ ಒಂದು ಖೇಣಿ ಮನೆಗೆ ಹೋಗುತ್ತಿದ್ದಳು. ಬೇರೆಯವರ ತೋಟದ ಹಸಿ ಅಡಿಕೆಯನ್ನು ಗುತ್ತಿಗೆ ಹಿಡಿದವರು ಅಲ್ಲಿ ತಂದು ಸುಲಿಸಿ, ಬೇಯಿಸಿ, ಒಣಗಿಸುತ್ತಾರೆ. ತಗಡಿನ ಶೆಡ್ಡು. ಮಣೆಗೆ ಕೂರಿಸಿದ ಕತ್ತಿಯ ಮುಂದೆ ಕಾಲು ಮಡಚಿ ಕೂತರೆ ಮಧ್ಯಾಹ್ನ ಊಟಕ್ಕೆ ಏಳುವುದು, ಮತ್ತೆ ಸಂಜೆ ಏಳುವುದು. ತೋಟದ ಕಡೆಗೆ ಹೆಂಗಸರೆಲ್ಲ ಒಟ್ಟಿಗೆ ಹೋಗುವುದು ಅವೆರಡು ಹೊತ್ತು ಮಾತ್ರ, ಒಬ್ಬಳು ಕಾವಲು. ನಡುವೆ ಏಳುವವಳಿಗೆ ಕಾವಲಿಗೆ ಇನ್ನೊಬ್ಬಳನ್ನು ಎಬ್ಬಿಸಬೇಕು. ಸುಲಿದಷ್ಟು ಕೂಲಿ. ಆರು ಸಲ ಇನ್ನೊಬ್ಬಳ ಕೂಲಿ ಕೆಡಿಸಲು ಯಾರಿಗೆ ಮನಸ್ಸು ಬರುತ್ತದೆ? ಮೂಕಮ್ಮ ಮಾತ್ರೆ ನುಂಗಲಿಲ್ಲ. ಮಗಳು ಎಣಿಸುತ್ತಾಳೆಂದು ದಿನಕ್ಕೊಂದು ಬಿಡಿಸಿ ದಾರಿಯಲ್ಲಿ ಎಸೆದಳು. ಅದು ಮಾಲಾಗೆ ಆಮೇಲೆ ಕೊಲ್ಲಾಪುರಮ್ಮ ಹೇಳಿದ್ದರಿಂದ ಗೊತ್ತಾಯಿತು.

ಶೀಟು ಸರಿಯಾಗಿ ಖಾಲಿಯಾಗುತ್ತಿತ್ತು. ಹೊಸ ಶೀಟು ಶುರುವಾಯಿತು. ಕಾಲು ಮತ್ತೆ ಬಾತಿತು. ಮಾಲಾ ನೋಡಿದಳು, ಕೂತು ಕೂತು ಹೀಗಾಗಿರಬೇಕು ಎಂದುಕೊಂಡಳು. ಎಣಿಕೆ ಸರಿ ಇತ್ತಲ್ಲ. ಹದಿನೆಂಟಕ್ಕೆ ಹತ್ತೇ ದಿನ ಉಳಿದಿತ್ತು.

ಅಂದು ಬೆಳಿಗ್ಗೆ ಮೂಕಮ್ಮ ಟೆಂಪೋ ಹತ್ತಲು ಎರಡು ಸಲ ಕಾಲೆತ್ತಬೇಕಾಯಿತು. ಸಣ್ಣಪ್ಪ ಹಿಂದಿನಿಂದ ಆಸರೆ ಕೊಟ್ಟ. "ಉಪ್ಪಿಲ್ದೆ ಉಂಡು ಉಂಡು ಶಕ್ತಿ ಹೋಗೈತೆ ಇವಳಿಗೆ," ಎಂದು ಕೊಲ್ಲಾಪುರಮ್ಮನಿಗೆ ಹೇಳಿದ. "ನೀವು ಬಾಟ್ಲಿ ಹಾಕಿಸಾಕೆ ಹೋದಾಗ ಇವಳಿಗೂ ಒಂದು ಹಾಕ್ಸವ್ವ."

ಬಾಟ್ಲಿ ಹಾಕಿಸುವುದು ಆ ಗ್ಯಾಂಗಿನ ಕ್ರಮ. ಸುಗ್ಗಿಯಲ್ಲಿ ಐದಾರು ದಿನಕ್ಕೊಮ್ಮೆ ಯಾರ್‍ಯಾರಿಗೆ ಮೈ ಸೋತಿದೆಯೋ ಅವರೆಲ್ಲ ಊಟದ ಬಿಡುವಿನಲ್ಲಿ ಕ್ರಾಸಿನ ಜಂಪಣ್ಣ ಡಾಕ್ಟರ ಹತ್ತಿರ ಹೋಗಿ ತಾವು ಗ್ಲೂಕೋಸ್ ಎನ್ನುವ ಬಾಟ್ಲಿಯನ್ನು ಒಂದೊಂದು ಏರಿಸಿಕೊಂಡು ಬರುತ್ತಾರೆ. ಜಂಪಣ್ಣ ಮೊದಲು ಎಲ್ಲೋ ಕಾಂಪೌಂಡರ್ ಆಗಿದ್ದವನು. ಹೆಂಗಸರಿಗೆ ಅವನು ಡಾಕ್ಟರು. ಬಾಟ್ಲಿ ಏರಿಸಿಕೊಂಡರೆ ಒಂದು ತಾಸು ಮಲಗಬಹುದು, ಯಾರೂ ಏಳು ಎನ್ನುವುದಿಲ್ಲ. ಎದ್ದರೆ ಮೈಯಲ್ಲಿ ಏನೋ ಕಸುವು ಬಂದ ಹಾಗೆ ಅನಿಸುತ್ತದೆ. ಮಲಗಿದ್ದಕ್ಕೆ ಬಂದದ್ದೋ ಬಾಟ್ಲಿಗೆ ಬಂದದ್ದೋ ಯಾರೂ ನೋಡಿಲ್ಲ.

ಮೂಕಮ್ಮನಿಗೆ ಜಂಪಣ್ಣ ಎರಡು ಏರಿಸಿದ. ಒಂದು ಸಾಲದು, ತುಂಬಾ ಸೋತಿದೀರಿ ಎಂದ. ಬೇಗ ಮುಗಿಯಲೆಂದು ಜೋರಾಗಿ ಬಿಟ್ಟ.

ಮೂರು ಗಂಟೆಯ ಹೊತ್ತಿಗೆ ಶಾಪಿನಲ್ಲಿದ್ದ ಮಾಲಾಗೆ ಫೋನ್ ಬಂತು. ಸರ್ಕಾರಿ ಆಸ್ಪತ್ರೆ ಅಲ್ಲಿಂದ ಹತ್ತು ನಿಮಿಷ. ಓಡಿದಳು. ಟೆಂಪೋ ಅವಳಿಗಿಂತ ಮೊದಲೇ ಬಂದಿತ್ತು. ಮೂಕಮ್ಮ ಮಂಚದ ಮೇಲೆ ಕೂತಿದ್ದಳು, ಇಬ್ಬರು ಹಿಡಿದಿದ್ದರು. ಬಾಯಿಂದ ಸೋಪಿನ ನೊರೆಯಂಥದು ಬರುತ್ತಿತ್ತು, ಸ್ವಲ್ಪ ಕೆಂಪಗಿತ್ತು. ಕಣ್ಣು ಬಾಗಿಲ ಕಡೆಗಿತ್ತು. ಮಗಳನ್ನು ಕಂಡಿತೋ ಇಲ್ಲವೋ. ಅದೇ ಲೇಡಿ ಡಾಕ್ಟರು ಒಂದರ ಮೇಲೊಂದು ಸೂಜಿ ಚುಚ್ಚುತ್ತಿದ್ದರು. ಆಕ್ಸಿಜನ್ ಹಾಕಿದರು. ನಾಲ್ಕೂಕಾಲಿಗೆ ಎಲ್ಲ ನಿಂತಿತು.

"ಏನು ಕೊಟ್ಟಿರಿ ಇವರಿಗೆ?" ಡಾಕ್ಟರು ಕೇಳಿದರು. ದನಿ ಏರಿರಲಿಲ್ಲ.

ಅಷ್ಟರಲ್ಲಿ ಸಣ್ಣಪ್ಪ ಯಾರದೋ ಬೈಕಿನಲ್ಲಿ ಬಂದಿದ್ದ. ಎದೆಯ ಮೇಲೆ ಕೈ ಇಟ್ಟು ಹೇಳಿದ. "ಬಾಯಿಗೆ ಒಂದು ಹರಳು ಉಪ್ಪು ಹಾಕಿಲ್ಲ ಡಾಕ್ಟ್ರೆ. ನೀವು ಹೇಳಿದ್ಮೇಲೆ ನಾನೂ ತಿಂದಿಲ್ಲ. ನೀರೂ ಅಷ್ಟೆ, ಅಳೆದು ಕೊಟ್ಟೀವಿ. ನನ್ ಮಗಳನ್ನ ಕೇಳ್ರಿ."

"ಬಾಟ್ಲಿ ಎರಡು ಹಾಕಿದ್ರು, ಅಷ್ಟೇರಿ," ಎಂದಳು ಕೊಲ್ಲಾಪುರಮ್ಮ. "ನಾವೂ ಹಾಕಿಸ್ಕೊಂಡೀವಿ. ಒಂದೇ ಡಬ್ಬಿದು."

ಡಾಕ್ಟರು ಕುರ್ಚಿಯಲ್ಲಿ ಕೂತರು. "ಅದು ಉಪ್ಪು ನೀರಮ್ಮ," ಎಂದರು. "ಎರಡೂ ಸೇರಿ ಒಂದು ಲೀಟರ್ ಉಪ್ಪು ನೀರು. ಸೀದಾ ರಕ್ತಕ್ಕೆ."

ಸಣ್ಣಪ್ಪನಿಗೆ ಅರ್ಥವಾಗಲಿಲ್ಲ. ಅವನು ಮಗಳ ಮುಖ ನೋಡಿದ. ಮಾಲಾಗೆ ಅರ್ಥವಾಯಿತು. ಯಾಕೆಂದರೆ ಅವಳಿಗೆ ಅದು ಗೊತ್ತಿತ್ತು. ಬಾಟ್ಲಿಯ ಮೇಲೆ ನೀಲಿ ಅಕ್ಷರದಲ್ಲಿ ಸೋಡಿಯಂ ಕ್ಲೋರೈಡ್ ಎಂದು ಬರೆದಿರುತ್ತದೆ. ಪಿ.ಯು.ನಲ್ಲಿ ಸೈನ್ಸ್ ತೆಗೆದುಕೊಳ್ಳದವರಿಗೂ ಗೊತ್ತಿರುವ ಹೆಸರು ಅದು. ಜಂಪಣ್ಣ ವಾರಕ್ಕೆ ಎರಡು ಕಾರ್ಟನ್ ಒಯ್ಯುವುದು ಅವರ ಶಾಪಿನಿಂದಲೇ, ಅವನ ಬೈಕಿನ ಮೇಲೆ ಎತ್ತಿ ಇಡುತ್ತಿದ್ದುದು ಅವಳೇ. ಹರಳು ಉಪ್ಪಿನ ಭರಣಿಯನ್ನು ಅವ್ವನ ಕೈಗೆ ಸಿಗದ ಹಾಗೆ ಅಟ್ಟಕ್ಕೆ ಏರಿಸಿದ್ದಳು. ಉಪ್ಪಿನಕಾಯಿಯನ್ನು ಪಕ್ಕದ ಮನೆಗೆ ಕೊಟ್ಟಿದ್ದಳು. ಬಾಟ್ಲಿ ಹಾಕಿಸಿಕೊಳ್ಳಬೇಡ ಎಂದು ಹೇಳಬೇಕು ಅನ್ನುವುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಬಾಟ್ಲಿ ಹಾಕಿಸಿಕೊಳ್ಳುವುದನ್ನು ಯಾರು ಉಪ್ಪು ತಿನ್ನುವುದು ಎಂದುಕೊಳ್ಳುತ್ತಾರೆ?

ಮಣ್ಣಿಗೆ ಬಂಗಾರಪ್ಪನವರು ಬಂದಿದ್ದರು. ದೂರ ನಿಂತು ಕಣ್ಣೊರೆಸಿಕೊಂಡರು. "ನಮ್ಮ ಮಾತು ಕೇಳಿ ಮನೇಲಿ ಇದ್ದಿದ್ರೆ ಉಳೀತಿದ್ಲು ಕಣಯ್ಯ," ಎಂದು ಸಣ್ಣಪ್ಪನಿಗೆ ಹೇಳಿ ಹೋದರು.

ಆರನೆಯ ದಿನ ಮಾಲಾ ಕ್ರಾಸಿಗೆ ಹೋಗುವ ಬಸ್ಸು ಹತ್ತಿದಳು. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಬೋರ್ಡು ಕಿತ್ತು ಹಾಕಬೇಕು, ಬಾಟ್ಲಿ ಒಡೆಯಬೇಕು, ಪೊಲೀಸರನ್ನು ಕರೆಸಬೇಕು. ಏನೋ ಒಂದು. ಮಧ್ಯಾಹ್ನದ ಹೊತ್ತು. ಜಂಪಣ್ಣನ ಕೋಣೆಗೆ ಬೋರ್ಡೇ ಇರಲಿಲ್ಲ. ಒಳಗೆ ಎರಡು ಮಂಚ, ಒಂದು ಬೆಂಚು. ಮಂಚದ ಮೇಲೆ ಇಬ್ಬರು, ಬೆಂಚಿನ ಮೇಲೆ ಕೊಲ್ಲಾಪುರಮ್ಮ. ಮೂವರಿಗೂ ಬಾಟ್ಲಿ ಹತ್ತಿತ್ತು. ಗೋಡೆಯ ಮೊಳೆಗಳಿಗೆ ತೂಗು ಹಾಕಿದ್ದರು. ಜಂಪಣ್ಣ ಅವಳನ್ನು ಕಂಡು ಎದ್ದು ನಿಂತ.

"ಅಕ್ಕ, ತಗೀರಿ ಅದನ್ನ," ಎಂದಳು ಮಾಲಾ ಕೊಲ್ಲಾಪುರಮ್ಮನಿಗೆ. "ಇದೇ ನಮ್ಮವ್ವನ್ನ ಕೊಂದಿದ್ದು. ಡಾಕ್ಟ್ರು ಹೇಳಿದ್ದು ನೀವೇ ಕೇಳಿಸ್ಕೊಂಡ್ರಲ್ಲ."

"ಕೇಳಿಸ್ಕೊಂಡೆ."

"ಮತ್ತೆ?"

"ನಿಮ್ಮವ್ವಂಗೆ ಹಾರ್ಟು ಇತ್ತು. ನನಗೆ ಇಲ್ಲ."

"ಯಾರು ಹೇಳಿದ್ರು ಇಲ್ಲ ಅಂತ? ಯಾವತ್ತು ತೋರಿಸಿದೀರಿ?"

ಕೊಲ್ಲಾಪುರಮ್ಮ ಕಣ್ಣು ಮುಚ್ಚಿದಳು. "ತೋರಿಸಿದ್ರೆ ತಾನೆ ಇರೋದು. ಕೂಗಾಡಬ್ಯಾಡ ಕಣೆ, ಆ ಕಡೆಯೋಳು ಈಗ ನಿದ್ದೆ ಹೋಗ್ಯಾಳೆ. ಇನ್ನ ಅರ್ಧ ತಾಸಿಗೆ ಟೆಂಪೋ ಬರ್ತೈತೆ."

ಮಾಲಾ ಜಂಪಣ್ಣನ ಕಡೆ ತಿರುಗಿದಳು. ಅವನು ಮೆಲ್ಲಗೆ ಹೇಳಿದ. "ನಾನು ಕರೆದಿಲ್ಲಮ್ಮ. ಬ್ಯಾಡ ಅಂದ್ರೆ ನ್ಯಾಮತಿ ರಸ್ತೇಲಿ ಇನ್ನೊಬ್ಬ ಇದಾನೆ, ಅಲ್ಲಿಗೆ ಹೋಗ್ತಾರೆ. ಮಾಲು ನಿಮ್ಮ ಅಂಗಡೀದೇ."

ಅವಳು ಕೊಲ್ಲಾಪುರಮ್ಮನ ಬಾಟ್ಲಿಗೆ ಕೈ ಹಾಕಿದಳು. ಜಗ್ಗಿದ ರಭಸಕ್ಕೆ ಸುಣ್ಣದ ಗೋಡೆಯಿಂದ ಮೊಳೆಯೇ ಕಿತ್ತು ಬಂತು. ಬಾಟ್ಲಿ ಅವಳ ಕೈಯಲ್ಲಿ ಕೆಳಗೆ ಇಳಿಯಿತು. ತೆಳ್ಳನೆಯ ಪೈಪಿನಲ್ಲಿ ರಕ್ತ ಹಿಂದಕ್ಕೆ ಏರತೊಡಗಿತು, ಮೊದಲು ಗುಲಾಬಿ, ಆಮೇಲೆ ಕಡುಗೆಂಪು. ಕೊಲ್ಲಾಪುರಮ್ಮ ಕಣ್ಣು ತೆರೆದು ತನ್ನ ಕೈಯನ್ನೂ ಪೈಪನ್ನೂ ನೋಡಿದಳು.

"ಮೇಲೆ ಹಿಡಿಯೇ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. "ರಕ್ತ ಹೊಂಟೈತೆ ನೋಡು. ಮೇಲೆ ಹಿಡಿ."

ಮಾಲಾ ಮೇಲೆ ಹಿಡಿದಳು. ರಕ್ತ ಇಳಿದು ಒಳಗೆ ಹೋಯಿತು. ಅದರ ಹಿಂದೆ ನೀರು ತೊಟ್ಟು ತೊಟ್ಟಾಗಿ ಮತ್ತೆ ಇಳಿಯಲು ಶುರುವಾಯಿತು. ಜಂಪಣ್ಣ ಸುತ್ತಿಗೆ ಹುಡುಕಲು ಪಕ್ಕದ ಸೈಕಲ್ ಶಾಪಿಗೆ ಹೋದ. ಅವನು ಬರುವವರೆಗೆ ಹಿಡಿಯಬೇಕಿತ್ತು. ತೋಳು ನೋಯತೊಡಗಿದಾಗ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.